ರಾಜಕುಮಾರಿಯ ಖಾತೆ, ಕಾಳಿ ದಂಡೆಯ ಚಳಿಜ್ವರ

ಕಾರವಾರದಿಂದ ಕಾಳಿ ನದಿಯ ದಂಡೆ ಹಿಡಿದು ಮೇಲಕ್ಕೆ ಹೋದರೆ ಕಿನ್ನರ ಅನ್ನುವ ಊರು ಸಿಗುತ್ತದೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಗುಡ್ಡ, ನಡುವೆ ಗದ್ದೆ. ಈ ಕಡೆಯ ಹಳೆಯ ತಲೆಮಾರಿನ ಮುದುಕಿಯರನ್ನು 'ನಿಮ್ಮ ಕಾಲದಲ್ಲಿ ಸರಕಾರ ಅಂದರೆ ಯಾರು' ಅಂತ ಕೇಳಿದರೆ ಪಟೇಲ, ಶಾನಭಾಗ, ಫಾರೆಸ್ಟ್ ಗಾರ್ಡು, ಪೋಲೀಸು ಅನ್ನುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಬ್ಬನ ನೆನಪಾಗುತ್ತಿತ್ತು. ಪಂಪು ಹಿಡಿದುಕೊಂಡು ಬಂದು ಗೋಡೆಗೆ ಬಿಳಿ ನೀರು ಹೊಡೆದು ಹೋಗುತ್ತಿದ್ದ 'ಡಿಡಿಟಿಯವ'. ಮೊದಲಿನ ನಾಲ್ವರು ಕೇರಿಗೆ ಬಂದರೆ ಅಂಗಳದಾಚೆಯೇ ನಿಂತು ಕೂಗಿ ಕರೆಯುವವರು. ಇವನೊಬ್ಬ ಮಾತ್ರ ಬಗ್ಗಿ ಬಾಗಿಲು ದಾಟಿದ. ಒಲೆಯ ಹಿಂದಿನ ಗೋಡೆಗೂ ಹೊಡೆದ. 'ಅಂವ ಒಳಗೇ ಬಂದಿದ್ದ' ಅನ್ನುವ ಮಾತನ್ನು ಆ ಮುದುಕಿಯರು ಜ್ವರ ಹೋಯಿತು ಅನ್ನುವುದಕ್ಕಿಂತ ಮೊದಲು ಹೇಳುತ್ತಿದ್ದರು.

ಅವನನ್ನು ಕಳಿಸಿದ್ದು ಯಾರು? ಅವನ ಮೇಲೆ ಒಬ್ಬ ಮೇಲ್ವಿಚಾರಕ, ಅವನ ಮೇಲೆ ಮಲೇರಿಯಾ ಅಧಿಕಾರಿ, ಅವನ ಮೇಲೆ ಮುಂಬಯಿ ಸರಕಾರದ ಮಂತ್ರಿ. ಎಲ್ಲರ ಮೇಲೆ, 1947ರ ಆಗಸ್ಟಿನಿಂದ, ದೆಹಲಿಯಲ್ಲಿ ಒಬ್ಬ ಹೆಂಗಸು. ಸ್ವತಂತ್ರ ಭಾರತದ ಮೊದಲ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್. ಶಾಲೆಯ ಪುಸ್ತಕದಲ್ಲಿ ಅವರ ಹೆಸರು ಒಂದು ಸಾಲಿನಲ್ಲಿ ಮುಗಿಯುತ್ತದೆ. ಆದರೆ ಆ ಸಾಲಿನ ಹಿಂದೆ ನಮಗೆ ಬೇಕಾದ ಒಂದು ಪಾಠ ಇದೆ. ದೊಡ್ಡವರ ಪಕ್ಕದಲ್ಲಿ ಕೂತು ಸಲಹೆ ಹೇಳುತ್ತಿದ್ದವರು ಅಧಿಕಾರದ ಕುರ್ಚಿಗೆ ಬಂದಾಗ ಏನು ಮಾಡಬಲ್ಲರು, ಏನು ಮಾಡಲಾರರು? ಕೇರಿಯ ರೋಗ ಯಾವಾಗ ಸರಕಾರದ ರೋಗವಾಗುತ್ತದೆ, ಯಾವಾಗ ಆಗುವುದಿಲ್ಲ? ಇದನ್ನು ದೆಹಲಿಯಿಂದಲ್ಲ, ಕಾಳಿ ದಂಡೆಯಿಂದ ನೋಡೋಣ.

*

ಅಮೃತ್ ಕೌರ್ ಹುಟ್ಟಿದ್ದು 1880ರ ದಶಕದ ಕೊನೆಯಲ್ಲಿ, ಲಖನೌದಲ್ಲಿ. ತಂದೆ ಹರ್ನಾಮ್ ಸಿಂಗ್ ಪಂಜಾಬಿನ ಕಪೂರ್ಥಲಾ ಅರಸು ಮನೆತನದವರು. ಕ್ರೈಸ್ತ ಧರ್ಮ ಸ್ವೀಕರಿಸಿದವರು. ತಾಯಿ ಬಂಗಾಳದ ಕ್ರೈಸ್ತ ಮನೆತನದವರು. ಮಗಳನ್ನು ಇಂಗ್ಲೆಂಡಿನ ಷೆರ್ಬೋರ್ನ್ ಶಾಲೆಗೆ ಕಳಿಸಿದರು. ಟೆನಿಸ್ ಆಡಿಕೊಂಡು, ಸಿಮ್ಲಾದ ಬಂಗಲೆಯಲ್ಲಿ ಸುಖವಾಗಿ ಇರಬಹುದಾದ ಜೀವ. 1919ರಲ್ಲಿ ಗಾಂಧಿಯವರನ್ನು ಕಂಡರು. ಆದರೆ ತಂದೆ ಬದುಕಿರುವ ತನಕ ಮನೆ ಬಿಡಲಿಲ್ಲ. 1927ರಲ್ಲಿ ಅಖಿಲ ಭಾರತ ಮಹಿಳಾ ಪರಿಷತ್ತು ಕಟ್ಟಿದವರಲ್ಲಿ ಅವರೂ ಒಬ್ಬರು. ಪರದೆ, ಬಾಲ್ಯವಿವಾಹ, ದೇವದಾಸಿ ಪದ್ಧತಿಗಳ ವಿರುದ್ಧ ದನಿ ಎತ್ತಿದರು. 1930ರಲ್ಲಿ ತಂದೆ ತೀರಿಕೊಂಡರು. 1934ರಲ್ಲಿ ಮಗಳು ಗಾಂಧಿಯವರ ಆಶ್ರಮಕ್ಕೆ ಬಂದು ನಿಂತರು.

ಅಲ್ಲಿಂದ ಮುಂದೆ ಅವರು ಗಾಂಧಿಯವರ ಕಾರ್ಯದರ್ಶಿ. ಪತ್ರ ಬರೆಯುವುದು, ಕರಡು ತಿದ್ದುವುದು, ವೈಸ್‌ರಾಯ್ ಕಡೆಯವರ ಹತ್ತಿರ ಮಾತಾಡಿಕೊಂಡು ಬರುವುದು, ಗಾಂಧಿ ಏನು ಹೇಳಿದರು ಅನ್ನುವುದನ್ನು ಇಂಗ್ಲಿಷರಿಗೆ ಅರ್ಥವಾಗುವ ಹಾಗೆ ಹೇಳುವುದು. ಹದಿನಾರು ವರ್ಷ ಈ ಕೆಲಸ ಮಾಡಿದರು ಅಂತ ಚರಿತ್ರೆಕಾರರು ಲೆಕ್ಕ ಹಾಕುತ್ತಾರೆ. ಗಾಂಧಿಯವರು ಅವರಿಗೆ ಬರೆದ ಕಾಗದಗಳು ಒಂದು ಪುಸ್ತಕವೇ ಆಗಿವೆ. 1942ರಲ್ಲಿ ಜೈಲಿಗೂ ಹೋದರು. ಅರಮನೆ ಬಿಟ್ಟು ಗುಡಿಸಲಿಗೆ ಬಂದದ್ದು ನಾಟಕ ಅಂತ ನಾವು ಹೇಳಬಾರದು. ಅವರು ನಿಜವಾಗಿಯೂ ಬಿಟ್ಟರು. ಆದರೆ ಬಿಡುವುದಕ್ಕೆ ಅರಮನೆ ಇತ್ತು ಅನ್ನುವುದನ್ನೂ ಮರೆಯಬಾರದು. ಕೇರಿಯವರಿಗೆ ತ್ಯಾಗ ಮಾಡುವ ಸೌಭಾಗ್ಯವೂ ಇರಲಿಲ್ಲ.

ಅವರು ಆಶ್ರಮ ಸೇರಿದ ಅದೇ 1934ರಲ್ಲಿ, ಫೆಬ್ರವರಿ ಕೊನೆಗೆ, ಗಾಂಧಿಯವರು ತಮ್ಮ ಹರಿಜನ ಯಾತ್ರೆಯಲ್ಲಿ ನಮ್ಮ ಜಿಲ್ಲೆಗೆ ಬಂದರು. ಕಾರವಾರಕ್ಕೂ ಅಂಕೋಲೆಗೂ ಬಂದರು. ಪೂನಾ ಒಪ್ಪಂದವಾಗಿ ಒಂದೂವರೆ ವರ್ಷ ಆಗಿತ್ತಷ್ಟೆ. ಅಂಬೇಡ್ಕರರು ಕೇಳಿದ್ದು ಪ್ರತ್ಯೇಕ ಮತ, ಗಾಂಧಿಯವರು ಕೊಡಹೊರಟದ್ದು ಮೇಲ್ಜಾತಿಯವರ ಪಶ್ಚಾತ್ತಾಪ. ಅಮೃತ್ ಕೌರ್ ಗಾಂಧಿಯವರ ಕಡೆಗಿದ್ದರು. ವಯಸ್ಕರಿಗೆಲ್ಲ ಓಟು ಬೇಕು ಅನ್ನುವುದರಲ್ಲಿ ಗಟ್ಟಿಯಾಗಿ ನಿಂತರು. ಪ್ರತ್ಯೇಕ ಕ್ಷೇತ್ರ ಬೇಡ ಅನ್ನುವುದರಲ್ಲೂ ಅಷ್ಟೇ ಗಟ್ಟಿ.

ಅಂಕೋಲೆಗೆ 'ಕರ್ನಾಟಕದ ಬಾರ್ಡೋಲಿ' ಅಂತ ಹೆಸರು. 1930ರ ಏಪ್ರಿಲಿನಲ್ಲಿ ಅಲ್ಲಿ ಉಪ್ಪಿನ ಕಾಯಿದೆ ಮುರಿದರು. ಆಮೇಲೆ ಕರನಿರಾಕರಣೆ ನಡೆಯಿತು, ಹೊಲಮನೆ ಜಪ್ತಿಯಾಯಿತು. ಈ ಹೋರಾಟ ದೊಡ್ಡದು, ಅದನ್ನು ಸಣ್ಣದು ಮಾಡುವುದು ನಮ್ಮ ಉದ್ದೇಶ ಅಲ್ಲ. ಆದರೆ ಈ ಕರಾವಳಿಯಲ್ಲಿ ತಲೆಮಾರುಗಳಿಂದ ಉಪ್ಪು ತೆಗೆದವರು ಆಗೇರರು. ಆಗರದಲ್ಲಿ ಕಾಲು ಬಿರಿದುಕೊಂಡು ದುಡಿದವರು. ಒಂದು ದಿನ ಉಪ್ಪು ಮಾಡಿದವರ ಹೆಸರು ಚರಿತ್ರೆಯಲ್ಲಿದೆ. ದಿನಾ ಉಪ್ಪು ಮಾಡಿದವರ ಹೆಸರು ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮುಂದಿನದನ್ನು ಓದಬೇಕು.

*

1947ರಲ್ಲಿ ನೆಹರೂ ಸಂಪುಟ ಸೇರಿದ ಒಬ್ಬಳೇ ಹೆಂಗಸು ಅಮೃತ್ ಕೌರ್. ಖಾತೆ ಆರೋಗ್ಯ. ಡಾಕ್ಟರಲ್ಲ, ಆಸ್ಪತ್ರೆ ನಡೆಸಿದವರಲ್ಲ.

ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1862ರಲ್ಲಿ ಮದರಾಸಿನಿಂದ ಕಿತ್ತು ಮುಂಬಯಿಗೆ ಸೇರಿಸಿದ್ದು 1956ರ ತನಕ ಹಾಗೇ ಇತ್ತು. ಮುಂಬಯಿಯ ಆರೋಗ್ಯ ಮಂತ್ರಿ ಯಾರು? ಡಾಕ್ಟರ್ ಗಿಲ್ಡರ್. ಪಾರ್ಸಿ, ಹೃದಯರೋಗದ ಹೆಸರಾಂತ ವೈದ್ಯರು. ಗಾಂಧಿಯವರ ಆರೋಗ್ಯ ನೋಡಿದವರು, 1943ರ ಉಪವಾಸದ ಹೊತ್ತಿಗೆ ಆಗಾಖಾನ್ ಅರಮನೆಯ ಸೆರೆಯಲ್ಲಿ ಅವರ ಜೊತೆಗಿದ್ದವರು. 1937ರ ಖೇರ್ ಮಂತ್ರಿಮಂಡಲದಲ್ಲಿ ಒಮ್ಮೆ, 1946ರಿಂದ ಇನ್ನೊಮ್ಮೆ ಆರೋಗ್ಯ ಮಂತ್ರಿಯಾದರು.

ಲೆಕ್ಕ ನೋಡಿ. ಕಿನ್ನರದ ಒಬ್ಬ ಕೂಲಿಯ ಚಳಿಜ್ವರಕ್ಕೆ ದೆಹಲಿಯಲ್ಲಿ ಜವಾಬ್ದಾರಿ ಗಾಂಧಿಯವರ ಕಾರ್ಯದರ್ಶಿಯದು, ಮುಂಬಯಿಯಲ್ಲಿ ಜವಾಬ್ದಾರಿ ಗಾಂಧಿಯವರ ವೈದ್ಯರದು. ಇಬ್ಬರೂ ಪ್ರಾಮಾಣಿಕರು, ಇಬ್ಬರೂ ಜೈಲು ಕಂಡವರು. ಇಬ್ಬರಿಗೂ ಕುರ್ಚಿಯ ದಾರಿ ತೆರೆದದ್ದು ಒಬ್ಬ ಮಹಾಪುರುಷನ ಹತ್ತಿರದ ಜಾಗ. ವಿಚಿತ್ರ ಅಂದರೆ ಆ ಮಹಾಪುರುಷರು 1909ರ ತಮ್ಮ 'ಹಿಂದ್ ಸ್ವರಾಜ್'ನಲ್ಲಿ ಡಾಕ್ಟರು-ಆಸ್ಪತ್ರೆಗಳನ್ನೇ ಬೈದವರು. ಅವರ ಕಾರ್ಯದರ್ಶಿ ಮುಂದೆ ದೇಶದ ದೊಡ್ಡ ಆಸ್ಪತ್ರೆಯೊಂದನ್ನು ಕಟ್ಟಿಸಿದರು.

ಅದೇ ಸಂಪುಟದಲ್ಲಿ ಇನ್ನೊಬ್ಬರಿದ್ದರು. ಕಾನೂನು ಮಂತ್ರಿ ಬಾಬಾಸಾಹೇಬರು. ಅವರು ಯಾರ ಪಕ್ಕದಿಂದಲೂ ಬಂದವರಲ್ಲ. ಎದುರು ನಿಂತು ಬಂದವರು. ಸಂವಿಧಾನ ಸಭೆಯ ಮೂಲಭೂತ ಹಕ್ಕುಗಳ ಉಪಸಮಿತಿಯಲ್ಲಿ ಇಬ್ಬರೂ ಕೂತಿದ್ದರು. ಅಲ್ಲಿ ಅಮೃತ್ ಕೌರ್ ಎತ್ತಿದ ಒಂದು ತಕರಾರು ನೆನಪಿಡಬೇಕಾದ್ದು. ಧರ್ಮವನ್ನು 'ಆಚರಿಸುವ' ಹಕ್ಕನ್ನು ಸುಮ್ಮನೆ ಬರೆದುಬಿಟ್ಟರೆ ಪರದೆ, ಬಾಲ್ಯವಿವಾಹ, ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದು, ಜಾತಿ ಮೀರಿದ ಮದುವೆಗೆ ಅಡ್ಡಿ ಮಾಡುವುದು ಎಲ್ಲಕ್ಕೂ ರಕ್ಷಣೆ ಸಿಕ್ಕಿಬಿಡುತ್ತದೆ ಅಂದರು. ಈ ಹೆಂಗಸು ಬರೀ ಆಶ್ರಮದ ನೆರಳಲ್ಲ ಅನ್ನುವುದಕ್ಕೆ ಇಷ್ಟು ಸಾಕು. ಆದರೆ ಹಿಂದೂ ಕೋಡ್ ಬಿಲ್ ಬಿದ್ದಾಗ 1951ರಲ್ಲಿ ರಾಜೀನಾಮೆ ಬಿಸಾಕಿ ಹೊರಬಂದವರು ಅಂಬೇಡ್ಕರ್. ಅಮೃತ್ ಕೌರ್ 1957ರ ತನಕ ಸಂಪುಟದಲ್ಲಿ ಉಳಿದರು. ಪಕ್ಕದಿಂದ ಬಂದವರಿಗೆ ಎದ್ದು ಹೋಗುವುದು ಕಷ್ಟ.

*

ಈಗ ನಮ್ಮ ಜ್ವರಕ್ಕೆ ಬರೋಣ.

ಉತ್ತರ ಕನ್ನಡ ಅಂದರೆ ಈಗ ಪ್ರವಾಸಿಗಳಿಗೆ ಕಡಲು, ಕಾಡು, ಜಲಪಾತ. ನೂರು ವರ್ಷದ ಹಿಂದೆ ಸರಕಾರಿ ನೌಕರರಿಗೆ ಇದು ಶಿಕ್ಷೆಯ ಜಿಲ್ಲೆ. ಇಲ್ಲಿಗೆ ವರ್ಗ ಅಂದರೆ ಚಳಿಜ್ವರ ಅಂತಲೇ ಅರ್ಥ. 1901ರ ಜನಗಣತಿಯಲ್ಲಿ ಜಿಲ್ಲೆಯ ಜನ ಸುಮಾರು ನಾಲ್ಕೂವರೆ ಲಕ್ಷ. 1921ಕ್ಕೆ ಸುಮಾರು ನಾಲ್ಕು ಲಕ್ಷ. ಇಪ್ಪತ್ತು ವರ್ಷದಲ್ಲಿ ಹೆಚ್ಚಬೇಕಾದ ಜನ ಕಡಿಮೆಯಾದರು. ಪ್ಲೇಗು, 1918ರ ಇನ್‌ಫ್ಲುಯೆಂಜಾ, ಎಲ್ಲಕ್ಕಿಂತ ಪಟ್ಟು ಹಿಡಿದು ಕೊಂದದ್ದು ಮಲೇರಿಯಾ. ಮಕ್ಕಳಿಗೆ ಹೊಟ್ಟೆಯಲ್ಲಿ ಜ್ವರಗಡ್ಡೆ. ಗದ್ದೆ ನಾಟಿಯ ಹೊತ್ತಿಗೆ ಸರಿಯಾಗಿ ಮನೆಯಲ್ಲಿ ಇಬ್ಬರು ಮೂವರು ನಡುಗುತ್ತ ಮಲಗುವುದು. ಕೂಲಿ ತಪ್ಪಿದರೆ ಒಡೆಯನ ಸಾಲ, ಸಾಲಕ್ಕೆ ಮತ್ತೆ ಜೀತ. ಚಳಿಜ್ವರ ಬರೀ ರೋಗವಲ್ಲ, ಅದು ಒಕ್ಕಲನ್ನು ಒಡೆಯನ ಮನೆಗೆ ಕಟ್ಟುವ ಹಗ್ಗವೂ ಆಗಿತ್ತು. ಕ್ವಿನೈನು ಇತ್ತು, ದುಡ್ಡಿದ್ದವರಿಗೆ.

ಈ ಕಡೆಯ ಗುಡ್ಡದ ಬುಡದಲ್ಲಿ ನಿಧಾನವಾಗಿ ಹರಿಯುವ ಹಳ್ಳಗಳಲ್ಲಿ ಅನಾಫಿಲಿಸ್ ಫ್ಲುವಿಯಾಟಿಲಿಸ್ ಅನ್ನುವ ಸೊಳ್ಳೆ ಹುಟ್ಟುತ್ತದೆ. ಹಳ್ಳವನ್ನೆಲ್ಲ ಮುಚ್ಚುವುದು ಸಾಧ್ಯವೇ? ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನು ಕಾಪಾಡಲು ಡಿಡಿಟಿ ಬಂತು. ಅದರ ಗುಟ್ಟು ಸರಳ. ರಕ್ತ ಹೀರಿದ ಸೊಳ್ಳೆ ಭಾರವಾಗಿ ಹತ್ತಿರದ ಗೋಡೆಯ ಮೇಲೆ ಕೂರುತ್ತದೆ. ಆ ಗೋಡೆಗೆ ಡಿಡಿಟಿ ಬಳಿದಿದ್ದರೆ ಕೂತಲ್ಲೇ ಸಾಯುತ್ತದೆ, ಇನ್ನೊಬ್ಬರಿಗೆ ಜ್ವರ ಒಯ್ಯುವುದಿಲ್ಲ. ಬಳಿದದ್ದು ಕೆಲವು ತಿಂಗಳು ಇರುತ್ತದೆ, ಆಮೇಲೆ ಮತ್ತೆ ಬಳಿಯಬೇಕು.

ಮುಂಬಯಿ ಸರಕಾರದ ಮಲೇರಿಯಾ ಅಧಿಕಾರಿ ಡಿ.ಕೆ. ವಿಶ್ವನಾಥನ್ ಇದನ್ನು ಹಳ್ಳಿಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಲು ಆರಿಸಿಕೊಂಡದ್ದು ಎರಡು ಜಿಲ್ಲೆ, ಕೆನರಾ ಮತ್ತು ಧಾರವಾಡ. 1946ರ ಹೊತ್ತಿಗೆ ಪಂಪುಗಳು ಹಳ್ಳಿಗಿಳಿದವು. ಅಂದರೆ ದೇಶಕ್ಕೆ ಸ್ವಾತಂತ್ರ್ಯ ಬರುವ ಮೊದಲೇ ನಮ್ಮ ಗೋಡೆಗೆ ಡಿಡಿಟಿ ಬಂದಿತ್ತು. ಜ್ವರ ಇಳಿಯಿತು. ಈ ಎರಡು ಜಿಲ್ಲೆಗಳ ಹುಟ್ಟು-ಸಾವಿನ ಲೆಕ್ಕವನ್ನು ಉಳಿದ ಮುಂಬಯಿ ಪ್ರಾಂತದ ಜೊತೆ ಹೋಲಿಸಿ ವಿಶ್ವನಾಥನ್ 1949ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೀಗೆ ನಮ್ಮ ಜಿಲ್ಲೆಯ ಬಡವರ ಮಣ್ಣಿನ ಗೋಡೆಗಳು ದೇಶಕ್ಕೆ ಪಾಠಶಾಲೆಯಾದವು.

ಅಮೃತ್ ಕೌರ್ ಮಾಡಿದ್ದು ಈ ಪಾಠವನ್ನು ದೇಶಕ್ಕೆ ಹಬ್ಬಿಸುವ ಕೆಲಸ. ಆಗ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಮಲೇರಿಯಾ, ಎಂಟು ಲಕ್ಷ ಸಾವು ಅಂತ ಅಂದಾಜು. 1953ರ ಏಪ್ರಿಲಿನಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಅಮೆರಿಕದ ನೆರವು, ವಿಶ್ವ ಆರೋಗ್ಯ ಸಂಸ್ಥೆಯ ನೆರವು ತಂದರು. ದೆಹಲಿಯಲ್ಲೇ ಡಿಡಿಟಿ ಕಾರ್ಖಾನೆ ಎದ್ದಿತು. 1961ಕ್ಕೆ ದೇಶದಲ್ಲಿ ದಾಖಲಾದ ಮಲೇರಿಯಾ ಸುಮಾರು ಐವತ್ತು ಸಾವಿರಕ್ಕೆ ಇಳಿದಿತ್ತು. ಕೋಟಿಯಿಂದ ಸಾವಿರಕ್ಕೆ! ನಮ್ಮ ಅಜ್ಜಿಯರ ಮಕ್ಕಳು ಬದುಕಿದ್ದು, ಅವರ ಮಕ್ಕಳಾದ ನಾವು ಈ ಪತ್ರಿಕೆ ಓದುತ್ತಿರುವುದು ಎಷ್ಟೋ ಮಟ್ಟಿಗೆ ಇದರಿಂದ. ಋಣ ಇದ್ದದ್ದನ್ನು ಇದೆ ಅನ್ನಬೇಕು.

ಆದರೆ ಇಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಿ. ಯಾವತ್ತೂ ಕೇರಿಗೆ ಕಾಲಿಡದ ಸರಕಾರ ಡಿಡಿಟಿ ಹಿಡಿದುಕೊಂಡು ಒಲೆಯ ತನಕ ಬಂದದ್ದು ಯಾಕೆ?

ಸೊಳ್ಳೆಗೆ ಮಡಿ ಇಲ್ಲ. ಅಷ್ಟೆ! ಕೇರಿಯ ಕೂಲಿಯ ರಕ್ತ ಕುಡಿದ ಸೊಳ್ಳೆ ಅಗ್ರಹಾರದ ಭಟ್ಟರ ರಕ್ತವನ್ನೂ ಕುಡಿಯುತ್ತದೆ. ಹತ್ತು ಮನೆಗೆ ಹೊಡೆದು ಕೇರಿಯ ಎರಡು ಮನೆ ಬಿಟ್ಟರೆ ಜ್ವರ ಆ ಎರಡು ಮನೆಯಿಂದ ಹತ್ತು ಮನೆಗೂ ವಾಪಸು ಬರುತ್ತದೆ. ಹಾಗಾಗಿ ವಿಜ್ಞಾನವೇ ಹೇಳಿತು, ಒಂದು ಮನೆಯನ್ನೂ ಬಿಡಬೇಡಿ ಅಂತ. ಇದು ಯಾರ ಕರುಣೆಯೂ ಅಲ್ಲ, ಯಾರ ಪಶ್ಚಾತ್ತಾಪವೂ ಅಲ್ಲ. ಎಲ್ಲರನ್ನೂ ಉಳಿಸದೆ ತಾನು ಉಳಿಯಲಾರೆ ಅನ್ನುವ ಸ್ಥಿತಿ ಮೇಲಿನವರಿಗೆ ಬಂದಾಗ ಮಾತ್ರ ಅವರ ಸರಕಾರ ನಮ್ಮ ಬಾಗಿಲಿಗೆ ಬಗ್ಗಿತು.

*

ಹಾಗಾದರೆ ಕೇರಿಯಲ್ಲೇ ಉಳಿಯುವ ರೋಗಗಳ ಗತಿ ಏನು?

ಮೊದಲು ನೀರು. ವಾಂತಿಭೇದಿ, ಹೊಟ್ಟೆಹುಳ, ಕಜ್ಜಿ, ಎಲ್ಲದರ ಬುಡ ನೀರಿನಲ್ಲಿದೆ. ಕೇರಿಯವರು ಊರ ಬಾವಿ ಮುಟ್ಟುವಂತಿಲ್ಲ. ಹಳ್ಳದ ನೀರು, ಗದ್ದೆ ಹೊಂಡದ ನೀರು. 1950ರ ಸಂವಿಧಾನ ಬಾವಿ, ಕೆರೆ, ಸ್ನಾನಘಟ್ಟಗಳು ಎಲ್ಲರಿಗೂ ಅಂತ ಬರೆಯಿತು. 1955ರಲ್ಲಿ ಅಸ್ಪೃಶ್ಯತೆ ಅಪರಾಧಗಳ ಕಾಯಿದೆ ಬಂತು. ಆ ಕಾಯಿದೆಯ ಐದನೇ ಕಲಮು ಓದಿ. ಅಸ್ಪೃಶ್ಯತೆಯ ಕಾರಣಕ್ಕೆ ಆಸ್ಪತ್ರೆಗೆ, ದವಾಖಾನೆಗೆ ಯಾರನ್ನಾದರೂ ಸೇರಿಸಿಕೊಳ್ಳದಿದ್ದರೆ ಅದು ಅಪರಾಧ ಅನ್ನುತ್ತದೆ. ಯಾವ ದೇಶ ತನ್ನ ಆಸ್ಪತ್ರೆಯ ಬಾಗಿಲಿಗೆ ಹೀಗೊಂದು ಕಾಯಿದೆ ಬರೆಯಬೇಕಾಯಿತೋ ಆ ದೇಶದ ಆರೋಗ್ಯ ಮಂತ್ರಿಯ ಮೊದಲ ಕೆಲಸ ಅದೇ ಬಾಗಿಲು ಕಾಯುವುದಾಗಬೇಕಿತ್ತು. ಆದರೆ ಅದು ಆರೋಗ್ಯದ ಪ್ರಶ್ನೆ ಅಂತ ಯಾರಿಗೂ ಅನ್ನಿಸಲಿಲ್ಲ. ಅದು 'ಸಾಮಾಜಿಕ' ಪ್ರಶ್ನೆ, ಪೋಲೀಸರ ಪ್ರಶ್ನೆ.

ಎರಡನೆಯದು ಮಲ ಹೊರುವುದು. ನಮ್ಮ ಪೇಟೆಗಳ ಹಿತ್ತಲಿನ ಪಾಯಖಾನೆಯಿಂದ ಬುಟ್ಟಿ ತುಂಬಿಕೊಂಡು ತಲೆಯ ಮೇಲೆ ಹೊತ್ತವರು ಯಾವ ಜಾತಿಯವರು ಅಂತ ಹೇಳಬೇಕಾಗಿಲ್ಲ. ಇಡೀ ಊರಿನ ಆರೋಗ್ಯ ಅವರ ತಲೆಯ ಮೇಲಿತ್ತು, ಅವರ ಆರೋಗ್ಯ ಯಾರ ತಲೆಯಲ್ಲೂ ಇರಲಿಲ್ಲ. ಮುಂಬಯಿ ಸರಕಾರ 1949ರಲ್ಲಿ ವಿ.ಎನ್. ಬರ್ವೆ ಅನ್ನುವವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿತು, ಜಾಡಮಾಲಿಗಳ ಬದುಕಿನ ಸ್ಥಿತಿಗತಿ ನೋಡಲಿಕ್ಕೆ. 1952ರಲ್ಲಿ ವರದಿ ಬಂತು. 1955ರಲ್ಲಿ ಅದರ ಮುಖ್ಯ ಶಿಫಾರಸುಗಳನ್ನು ದೆಹಲಿಯಿಂದ ರಾಜ್ಯಗಳಿಗೆ ಕಳಿಸಿದರು. ಕಳಿಸಿದ್ದು ಯಾವ ಖಾತೆ ಗೊತ್ತೇ? ಗೃಹಖಾತೆ! ಹೇಲಿನ ಬುಟ್ಟಿಗೆ ಆರೋಗ್ಯ ಖಾತೆ ಇರಲಿಲ್ಲ. ಅಲ್ಲಿ ಬಿಸಿಜಿ ಇತ್ತು, ಡಿಡಿಟಿ ಇತ್ತು, ನರ್ಸಿಂಗ್ ಕಾಲೇಜು ಇತ್ತು. ಬುಟ್ಟಿ ಮಾತ್ರ ಬೇರೆಯವರ ಮೇಜಿನ ಮೇಲೆ.

ಇದು ಅಮೃತ್ ಕೌರ್ ಒಬ್ಬರ ತಪ್ಪಲ್ಲ. ಸಂವಿಧಾನದಲ್ಲಿ ಸಾರ್ವಜನಿಕ ಆರೋಗ್ಯ, ಆಸ್ಪತ್ರೆ ಎರಡೂ ರಾಜ್ಯದ ಪಟ್ಟಿಯಲ್ಲಿವೆ. ದೆಹಲಿಯ ಮಂತ್ರಿ ಹೇಳಬಹುದು, ದುಡ್ಡು ಕೊಡಬಹುದು, ಮಾಡುವವರು ರಾಜ್ಯದವರು. ಆದರೂ ಮಲೇರಿಯಾಕ್ಕೆ ಈ ಪಟ್ಟಿ ಅಡ್ಡ ಬರಲಿಲ್ಲ ಅನ್ನುವುದನ್ನು ಗಮನಿಸಬೇಕು. ಅಂದರೆ ಅಡ್ಡ ಬಂದದ್ದು ಪಟ್ಟಿಯಲ್ಲ.

*

ಆರೋಗ್ಯ ಖಾತೆ ಇಲ್ಲದೆ ಆರೋಗ್ಯದ ಕೆಲಸ ಮಾಡಿದವರು ನಮ್ಮವರಲ್ಲಿ ಇದ್ದಾರೆ. ಚರಿತ್ರೆ ಬರೆಯುವವರು ಇವರನ್ನು ಆರೋಗ್ಯದ ಅಧ್ಯಾಯದಲ್ಲಿ ಹಾಕುವುದಿಲ್ಲ. ನಾವು ಹಾಕಬೇಕು.

1942ರಿಂದ 1946ರ ತನಕ ಅಂಬೇಡ್ಕರರು ವೈಸ್‌ರಾಯ್ ಮಂಡಲದಲ್ಲಿ ಕಾರ್ಮಿಕ ಸದಸ್ಯರು. ಗಣಿಯಲ್ಲಿ ದುಡಿಯುವ ಹೆಂಗಸರ ಹೆರಿಗೆ ಭತ್ಯದ ಕಾಯಿದೆಯನ್ನು ತಿದ್ದಿಸಿದರು. ಕಾರ್ಮಿಕರ ಆರೋಗ್ಯ ವಿಮೆಯ ಕೆಲಸ ಅವರ ಖಾತೆಯಲ್ಲೇ ಬೆಳೆಯಿತು, 1948ರಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯಿದೆ ಆಯಿತು. ಅಲ್ಲಿ ಕಾಯಿಲೆ ಬಿದ್ದವನು ಭಿಕ್ಷೆ ಕೇಳುವವನಲ್ಲ, ಹಕ್ಕು ಕೇಳುವವನು. ಆ ಕಾಯಿದೆ ಕಾರ್ಖಾನೆಯ ಗೇಟಿನ ಒಳಗೇ ನಿಂತಿತು, ಗದ್ದೆಯ ಕೂಲಿಗೆ ಬರಲಿಲ್ಲ ಅನ್ನುವುದೂ ನಿಜ.

ಇನ್ನೊಬ್ಬರು ನಮ್ಮ ಬಿ. ಬಸವಲಿಂಗಪ್ಪ. 1972ರ ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಪೌರಾಡಳಿತ ಮಂತ್ರಿ. ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ಕಾರವಾರವೂ ಅಂಕೋಲೆಯೂ ಆಗ ಕರ್ನಾಟಕಕ್ಕೆ ಸೇರಿದ್ದವು, ಹಾಗಾಗಿ ಆ ಆಜ್ಞೆ ನಮ್ಮ ಊರಿನ ಬುಟ್ಟಿಗೂ ಬಂತು. ಬರ್ವೆ ವರದಿ ಬಂದು ಇಪ್ಪತ್ತು ವರ್ಷ ಆದಮೇಲೆ! ಬಸವಲಿಂಗಪ್ಪನವರು ಯಾರ ಆಶ್ರಮದಿಂದಲೂ ಬಂದವರಲ್ಲ. ಅವರಿಗೆ ಆ ಬುಟ್ಟಿ ವರದಿಯಲ್ಲಿ ಓದಿ ಗೊತ್ತಾಗಬೇಕಾಗಿರಲಿಲ್ಲ. ಅದಕ್ಕೇ ಅವರಿಗೆ ಸಿಕ್ಕ ಬಹುಮಾನ ಏನು ಅನ್ನುವುದು ಈ ಪತ್ರಿಕೆಯ ಓದುಗರಿಗೆ ಗೊತ್ತಿದೆ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಅವರು ಆಡಿದ 'ಬೂಸಾ' ಮಾತು ಹಿಡಿದುಕೊಂಡು ಬೀದಿಗಿಳಿದರು, ಕೊನೆಗೆ ಮಂತ್ರಿ ಪದವಿ ಬಿಡಿಸಿದರು. ಸಾಹಿತ್ಯಕ್ಕೆ ಬೂಸಾ ಅಂದದ್ದಕ್ಕೆ ಬಂದ ಸಿಟ್ಟು ಮನುಷ್ಯನ ತಲೆಯ ಮೇಲಿನ ಬುಟ್ಟಿ ಕಂಡಾಗ ಅಷ್ಟು ವರ್ಷ ಎಲ್ಲಿ ಹೋಗಿತ್ತು?

ಮಲ ಹೊರುವುದನ್ನು ನಿಷೇಧಿಸಲು ದೆಹಲಿಗೆ 1993ರ ತನಕ ಬೇಕಾಯಿತು. 2013ರಲ್ಲಿ ಮತ್ತೊಂದು ಕಾಯಿದೆ ಮಾಡಬೇಕಾಯಿತು. ಮ್ಯಾನ್‌ಹೋಲಿನ ಸಾವು ಇನ್ನೂ ನಿಂತಿಲ್ಲ.

*

ಅಮೃತ್ ಕೌರ್ ಅವರ ಹೆಸರು ಇವತ್ತು ಉಳಿದಿರುವುದು ಬೇರೊಂದು ಕೆಲಸಕ್ಕೆ, ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಗೆ. ಜನ ಏಮ್ಸ್ ಅನ್ನುತ್ತಾರೆ. ನ್ಯೂಜಿಲೆಂಡಿನಿಂದ ಹತ್ತು ಲಕ್ಷ ಪೌಂಡು ನೆರವು ಬಂತು. 1956ರ ಫೆಬ್ರವರಿಯಲ್ಲಿ ಲೋಕಸಭೆಯಲ್ಲಿ ಮಸೂದೆ ತಂದರು, ಆ ವರ್ಷವೇ ಕಾಯಿದೆಯಾಯಿತು. ಸಿಮ್ಲಾದ ತಮ್ಮ ಸ್ವಂತ ಮನೆಯನ್ನೂ ಆ ಸಂಸ್ಥೆಗೆ ಬರೆದುಕೊಟ್ಟರು. 1950ರಲ್ಲಿ ವಿಶ್ವ ಆರೋಗ್ಯ ಸಭೆಯ ಅಧ್ಯಕ್ಷರಾದ ಮೊದಲ ಹೆಂಗಸು, ಮೊದಲ ಏಷ್ಯಾದವರು ಅವರು. ಜಗತ್ತಿನ ದೊಡ್ಡವರ ಜೊತೆ ಮಾತಾಡಿ ಕೆಲಸ ಮಾಡಿಸಿಕೊಳ್ಳುವ ಕಲೆ ಆಶ್ರಮದಲ್ಲೇ ಕಲಿತದ್ದು.

ಏಮ್ಸ್ ಅವರ ಸ್ವಂತ ಕಲ್ಪನೆಯಲ್ಲ. 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿಯ ಶಿಫಾರಸು ಅದು. ಅದೇ ವರದಿಯಲ್ಲಿ ಇನ್ನೊಂದು ಶಿಫಾರಸೂ ಇತ್ತು. ದುಡ್ಡಿಲ್ಲ ಅನ್ನುವ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು. ಮೊದಲ ಹಂತಕ್ಕೆ 40,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕು, ಮುಂದೆ ಇನ್ನೂ ಹತ್ತಿರ ಹಾಸಿಗೆಗಳುಳ್ಳ ಆಸ್ಪತ್ರೆ ಬೇಕು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆಯ ಜೊತೆ ಆರೋಗ್ಯ ಕೇಂದ್ರಗಳು ಶುರುವೇನೋ ಆದವು. ಆದರೆ ಒಂದು ಬ್ಲಾಕಿಗೆ ಒಂದು, ಸಮಿತಿ ಹೇಳಿದ ಡಾಕ್ಟರು-ನರ್ಸುಗಳ ಲೆಕ್ಕಕ್ಕಿಂತ ಎಷ್ಟೋ ಕಡಿಮೆ.

ಒಂದೇ ವರದಿ, ಒಂದೇ ಮಂತ್ರಿ. ಮೇಲಿನ ತುದಿ ಭವ್ಯವಾಗಿ ಎದ್ದಿತು, ಕೆಳಗಿನ ತುದಿ ಅರ್ಧಕ್ಕೆ ನಿಂತಿತು. ಯಾಕೆ? ಮೇಲಿನದಕ್ಕೆ ಬೇಕಾದ್ದು ನಾಲ್ಕು ಜನರ ಕಿವಿ. ಪ್ರಧಾನಿಯ ಕಿವಿ, ಹಣಕಾಸಿನವರ ಕಿವಿ, ಪರದೇಶದವರ ಕಿವಿ. ಆ ಕಿವಿಗಳ ದಾರಿ ಅಮೃತ್ ಕೌರ್‌ಗೆ ಗೊತ್ತಿತ್ತು. ಕೆಳಗಿನದಕ್ಕೆ ಬೇಕಾದ್ದು ಸಾವಿರಾರು ಕೈ. ಹಳ್ಳಿಗೆ ಬಂದು ಉಳಿಯುವ ಡಾಕ್ಟರು, ಕೇರಿಗೆ ನಡೆದು ಹೋಗುವ ನರ್ಸು, ಜಮೀನ್ದಾರನಿಗೆ ಹೆದರದ ಆರೋಗ್ಯ ಕಾರ್ಯಕರ್ತ. ಎಲ್ಲಕ್ಕಿಂತ ಹೆಚ್ಚಾಗಿ 'ನಮ್ಮ ಆಸ್ಪತ್ರೆ ಎಲ್ಲಿ' ಅಂತ ಕೇಳುವ ಜನ. ಸಲಹೆಗಾರರಿಗೆ ಮೇಲಕ್ಕೆ ಮಾತಾಡಿ ಗೊತ್ತು. ಕೆಳಗಿನಿಂದ ಕೂಗುವವರು ಇಲ್ಲದಿದ್ದರೆ ಅವರು ಎಷ್ಟೇ ಒಳ್ಳೆಯವರಾದರೂ ಕಟ್ಟಡ ಮೇಲ್ಗಡೆಯೇ ಏಳುತ್ತದೆ.

ಏಮ್ಸ್ ಕಾಯಿದೆ ಜಾರಿಗೆ ಬಂದ 1956ರ ನವೆಂಬರ್ ತಿಂಗಳಲ್ಲೇ ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯ ಸೇರಿತು. ಅಲ್ಲಿಂದ ಕಾರವಾರಕ್ಕೆ ಒಂದು ವೈದ್ಯಕೀಯ ಕಾಲೇಜು ಬರಲು ಸರಿಯಾಗಿ 60 ವರ್ಷ ಹಿಡಿಯಿತು, 2016ಕ್ಕೆ. ಈ ಅರವತ್ತು ವರ್ಷ ನಮ್ಮವರು ತಲೆಗೆ ಪೆಟ್ಟಾದರೆ, ಎದೆ ನೋವು ಬಂದರೆ, ಹೆರಿಗೆ ಕಷ್ಟವಾದರೆ ಗೋವೆಗೆ, ಮಣಿಪಾಲಕ್ಕೆ, ಮಂಗಳೂರಿಗೆ ಹೋದರು. ಇಲ್ಲವೇ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋದರು. ದಾರಿಯಲ್ಲೇ ಸತ್ತವರ ಲೆಕ್ಕ ಯಾವ ಖಾತೆಯಲ್ಲೂ ಇಲ್ಲ. ಕಾಲೇಜು ಬಂದ ಮೇಲೂ ಓಡಾಟ ನಿಲ್ಲಲಿಲ್ಲ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸು ಬೈಂದೂರು ಹತ್ತಿರದ ಶಿರೂರು ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ಸತ್ತರು. ಆಗ ಜಿಲ್ಲೆಯ ಹುಡುಗರು ಎದ್ದರು, 'ಆಸ್ಪತ್ರೆ ಇಲ್ಲದಿದ್ದರೆ ಓಟಿಲ್ಲ' ಅಂದರು. ಮಂತ್ರಿಗಳು ಓಡಿ ಬಂದು ಭರವಸೆ ಕೊಟ್ಟರು.

ಗಮನಿಸಿ, ಈ ಸಲ ಯಾರ ಕಿವಿಯಲ್ಲೂ ಯಾರೂ ಪಿಸುಗುಟ್ಟಲಿಲ್ಲ. ಜನ ಕೂಗಿದರು, ಮಂತ್ರಿಯ ಕಿವಿ ತಾನಾಗಿ ತಿರುಗಿತು. ಇದು ಅಂಕೋಲೆಗೆ ಹೊಸದಲ್ಲ. ಇದೇ ಮಣ್ಣಿನ ದಿನಕರ ದೇಸಾಯಿಯವರು ಗೇಣಿ ಒಕ್ಕಲುಗಳನ್ನು, ಅದರಲ್ಲೂ ಹಾಲಕ್ಕಿಗಳನ್ನು ಒಟ್ಟುಮಾಡಿ ಒಡೆಯರ ಎದುರು ನಿಲ್ಲಿಸಿದಾಗ ಸರಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತ್ತು. ಸಲಹೆಗಾರರನ್ನು ಸರಕಾರ ಮಂತ್ರಿ ಮಾಡುತ್ತದೆ, ಸಂಘಟನೆ ಮಾಡಿದವರನ್ನು ಗಡಿ ದಾಟಿಸುತ್ತದೆ. ಯಾರಿಗೆ ಹೆದರುತ್ತದೆ ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ.

*

ಅಮೃತ್ ಕೌರ್ 1957ರಲ್ಲಿ ಮಂತ್ರಿ ಪದವಿಯಿಂದ ಇಳಿದರು, 1964ರಲ್ಲಿ ತೀರಿಕೊಂಡರು. ಅವರು ಇಳಿದ ಆ 1957ರಲ್ಲೇ ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಮನುಷ್ಯರಿಗೆ ಹೊಸ ಜ್ವರ ಬಂತು. ಉಣ್ಣೆಯಿಂದ ಹರಡುವ ಈ ಮಂಗನ ಕಾಯಿಲೆ ಮುಂದೆ ನಮ್ಮ ಸಿದ್ದಾಪುರ, ಹೊನ್ನಾವರದ ಕಡೆಗೂ ಬಂತು. ಯಾರಿಗೆ ಬರುತ್ತದೆ? ಸೊಪ್ಪಿಗೆ, ದರಕಿಗೆ, ಸೌದೆಗೆ ಕಾಡಿಗೆ ಹೋಗುವವರಿಗೆ. ಉಣ್ಣೆ ಸೊಳ್ಳೆಯ ಹಾಗೆ ಹಾರಿ ಪೇಟೆಯ ಬಂಗಲೆಗೆ ಹೋಗುವುದಿಲ್ಲ. ಅರವತ್ತು ವರ್ಷ ದಾಟಿದರೂ ಅದಕ್ಕೆ ಸರಿಯಾದ ಔಷಧ ಬರಲಿಲ್ಲ. ಇದ್ದ ಒಂದು ಲಸಿಕೆಯೂ ಗುಣ ಸಾಲದು ಅಂತ 2022ರ ಹೊತ್ತಿಗೆ ನಿಂತಿತು. ಮಲೇರಿಯಾಕ್ಕೆ ಹದಿನೈದು ವರ್ಷ ಸಾಕಾಯಿತು, ಇದಕ್ಕೆ ಅರವತ್ತು ಸಾಲಲಿಲ್ಲ. ಎರಡು ರೋಗಗಳ ನಡುವೆ ಇರುವ ವ್ಯತ್ಯಾಸ ವಿಜ್ಞಾನದ್ದು ಮಾತ್ರ ಅಂತ ಯಾರಾದರೂ ನಂಬುತ್ತೀರಾ?

ಮಲೇರಿಯಾದ ಕತೆಯೂ ಅಲ್ಲಿಗೇ ಮುಗಿಯಲಿಲ್ಲ. ಗೆದ್ದೆವು ಅಂತ ಪಂಪು ಕೆಳಗಿಟ್ಟರು. ಸೊಳ್ಳೆ ಡಿಡಿಟಿಯನ್ನು ತಡೆದುಕೊಳ್ಳಲು ಕಲಿತಿತ್ತು. ಕಾವಲು ಕಾಯಲು ಹಳ್ಳಿಯಲ್ಲಿ ಆರೋಗ್ಯ ಕೇಂದ್ರ ಗಟ್ಟಿಯಾಗಿರಲಿಲ್ಲ. 1976ಕ್ಕೆ ದೇಶದಲ್ಲಿ ಮತ್ತೆ 64 ಲಕ್ಷ ಜನಕ್ಕೆ ಮಲೇರಿಯಾ. ಮೇಲಿನಿಂದ ಬಂದದ್ದು ಮೇಲಿನವರ ಗಮನ ಹೋದ ಕೂಡಲೇ ಹೋಯಿತು.

ಹಾಗಾಗಿ ಗೆಳೆಯರೇ, ಆರೋಗ್ಯ ಮಂತ್ರಿ ಯಾರಾಗಬೇಕು ಅನ್ನುವ ಚರ್ಚೆ ಬಂದಾಗ, ಅವರು ಡಾಕ್ಟರೋ, ನಾಯಕರ ಆಪ್ತರೋ, ನಮ್ಮ ಜಾತಿಯವರೋ ಅಂತ ಕೇಳುವ ಮೊದಲು ಒಂದು ಕೆಲಸ ಮಾಡೋಣ. ಹಳ್ಳಿಯ ಮೇಷ್ಟ್ರುಗಳಿಗೆ ವಿಶೇಷವಾಗಿ ಈ ಮಾತು. ನಿಮ್ಮ ಶಾಲೆಯ ಮಕ್ಕಳ ಕೈಯಲ್ಲಿ ಊರಿನ ಒಂದು ಪಟ್ಟಿ ಬರೆಸಿ. ಕೇರಿಯಿಂದ ಕುಡಿಯುವ ನೀರಿಗೆ ಎಷ್ಟು ದೂರ, ಆರೋಗ್ಯ ಕೇಂದ್ರಕ್ಕೆ ಎಷ್ಟು ದೂರ, ಅಲ್ಲಿ ಡಾಕ್ಟರು ವಾರಕ್ಕೆ ಎಷ್ಟು ದಿನ ಇರುತ್ತಾರೆ, ನರ್ಸಮ್ಮ ಕೇರಿಯ ಮನೆಯ ಒಳಗೆ ಬರುತ್ತಾರೋ ಅಂಗಳದಲ್ಲೇ ನಿಲ್ಲುತ್ತಾರೋ, ಊರಿನ ಗಟಾರಕ್ಕೆ ಇಳಿಯುವವರು ಯಾರು. ಹುಡುಗರು ಬರೆದ ಆ ಹಾಳೆ ಯಾವ ಸಲಹೆಗಾರನ ಟಿಪ್ಪಣಿಗಿಂತಲೂ ದೊಡ್ಡದು. ಅದನ್ನು ಹಿಡಿದುಕೊಂಡು ತಾಲೂಕು ಕಚೇರಿಗೆ ಹೋಗೋಣ.

ಸೊಳ್ಳೆಯ ಭಯದಿಂದ ಒಮ್ಮೆ ಸರಕಾರ ನಮ್ಮ ಒಲೆಯ ತನಕ ಬಂದಿತ್ತು. ಇನ್ನೊಂದು ಸಲ ಬರಬೇಕಾದ್ದು ನಮ್ಮ ಭಯದಿಂದ.